ಹಳೇ ಜಗಳ ಇಲ್ಲಿ ಬೇಡ ಅನ್ನುವವರು ಯಾರ ಕಡೆ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಜಪಾನಿನ ಒಸಾಕಾ 1957ರಿಂದ ಸೋದರಿ ನಗರಗಳಾಗಿದ್ದವು. ಅರವತ್ತು ವರ್ಷ ಆ ನಂಟು ನಡೆದುಕೊಂಡು ಬಂತು. 2018ರ ಅಕ್ಟೋಬರ್‌ನಲ್ಲಿ ಒಸಾಕಾದ ಮೇಯರ್ ಹಿರೊಫುಮಿ ಯೊಶಿಮುರಾ ಒಂದು ಪತ್ರ ಬರೆದು ಅದನ್ನು ಕಡಿದುಕೊಂಡರು. ಕಾರಣ ಒಂದು ಪ್ರತಿಮೆ.

ಆ ಪ್ರತಿಮೆಯಲ್ಲಿ ಏನಿದೆ ಗೊತ್ತೇ? ಮೂವರು ಹುಡುಗಿಯರು ಬೆನ್ನಿಗೆ ಬೆನ್ನು ಕೊಟ್ಟು, ಕೈ ಕೈ ಹಿಡಿದು ನಿಂತಿದ್ದಾರೆ. ಒಬ್ಬಳು ಕೊರಿಯಾದವಳು, ಒಬ್ಬಳು ಚೀನಾದವಳು, ಇನ್ನೊಬ್ಬಳು ಫಿಲಿಪ್ಪೀನ್ಸಿನವಳು. ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತು ಅವರನ್ನೇ ನೋಡುತ್ತಿದ್ದಾಳೆ. ಕತ್ತಿಯಿಲ್ಲ, ಬಂದೂಕಿಲ್ಲ, ಜಪಾನಿನ ಸೈನಿಕನೂ ಇಲ್ಲ. ಆದರೂ ಜಪಾನಿನ ದೊಡ್ಡ ನಗರವೊಂದರ ಮೇಯರ್‌ಗೆ ಅದು ತಮ್ಮ ಕಡೆಗೇ ಬೊಟ್ಟು ಮಾಡಿದಂತೆ ಕಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ಇದಕ್ಕೇ.

ಅಮೆರಿಕದ ಪ್ರತಿಮೆ, ಜಪಾನಿನ ಮೇಯರ್, ನಮಗ್ಯಾಕೆ ಈ ಉಸಾಬರಿ ಅಂತ ನೀವು ಕೇಳಬಹುದು. ಆ ಪ್ರತಿಮೆ ಬೇಡ ಅಂದವರು ಬಳಸಿದ ಮಾತನ್ನು ನೀವು ನಿಮ್ಮೂರಿನ ಕಟ್ಟೆಯ ಮೇಲೂ ಕೇಳಿರುತ್ತೀರಿ: 'ಎಲ್ಲಿಂದಲೋ ಬಂದವರು, ಬಂದ ಮೇಲೆ ಸುಮ್ಮನೆ ಬಾಳುವೆ ಮಾಡಬೇಕು. ಹಳೇ ಜಗಳವನ್ನು ಇಲ್ಲಿಗೆ ಯಾಕೆ ಹೊತ್ತುಕೊಂಡು ಬಂದರು?' ಕೇಳುವುದಕ್ಕೆ ನ್ಯಾಯವಾದ ಮಾತಿನ ಹಾಗಿದೆ. ನಾವು ಹೇಳುವುದು, ಅದು ನ್ಯಾಯವಲ್ಲ. ಅದು ಬಲ ಇದ್ದವನ ಪರವಾಗಿ ಮೊದಲೇ ಕೊಟ್ಟುಬಿಟ್ಟ ತೀರ್ಪು.

ಆ ಹುಡುಗಿಯರು ಯಾರು?

1930ರ ದಶಕದ ಶುರುವಿನಿಂದ 1945ರವರೆಗೆ ಜಪಾನಿನ ಸೇನೆ ತಾನು ಹೋದಲ್ಲೆಲ್ಲ ಸೈನಿಕರಿಗಾಗಿ 'ಕಂಫರ್ಟ್ ಸ್ಟೇಷನ್' ಎಂಬ ಮನೆಗಳನ್ನು ನಡೆಸಿತು. ಅಲ್ಲಿಟ್ಟ ಹೆಣ್ಣುಮಕ್ಕಳಿಗೆ 'ಕಂಫರ್ಟ್ ವಿಮೆನ್' ಅಂತ ಹೆಸರು. ಅಂದರೆ ಹಿತ ಕೊಡುವ ಹೆಂಗಸರು! ನಡೆದದ್ದು ದಿನವೂ ಅತ್ಯಾಚಾರ. ಕೊರಿಯಾ, ತೈವಾನ್, ಚೀನಾ, ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಮಲಯಾ, ಬರ್ಮಾ, ಎಲ್ಲ ಕಡೆಯ ಹೆಣ್ಣುಮಕ್ಕಳೂ ಅಲ್ಲಿದ್ದರು. ಬಹಳಷ್ಟು ಜನ ಬಡ ರೈತರ, ಕೂಲಿಗಳ ಮನೆಯವರು. ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸುತ್ತೇವೆ ಅಂತ ದಲ್ಲಾಳಿಗಳು ಕರೆದೊಯ್ದವರಿದ್ದರು. ಸಾಲಕ್ಕೆ ಮಾರಾಟವಾದವರಿದ್ದರು. ಸೈನಿಕರೇ ಎಳೆದೊಯ್ದವರೂ ಇದ್ದರು. ಒಟ್ಟು ಎಷ್ಟು ಜನ ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 20 ಸಾವಿರದಿಂದ ಹಿಡಿದು 2 ಲಕ್ಷ, ಅದಕ್ಕೂ ಮೇಲೆ ಅಂತ ಅಂದಾಜುಗಳಿವೆ.

ಯುದ್ಧ ಮುಗಿಯಿತು. ಬದುಕಿ ಉಳಿದವರು ಊರಿಗೆ ಮರಳಿ ಬಾಯಿ ಮುಚ್ಚಿಕೊಂಡರು. ಹೇಳಿಕೊಂಡರೆ ಮಾನ ಹೋಗುವುದು ಯಾರದ್ದು? ಎಳೆದೊಯ್ದವನದ್ದಲ್ಲ, ಇವರದ್ದೇ. ಇದನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1965ರಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಜಪಾನ್ ಹಣ ಕೊಟ್ಟಿತು, ಕೊರಿಯಾ ತೆಗೆದುಕೊಂಡಿತು, ಎಲ್ಲ ಲೆಕ್ಕ ಚುಕ್ತಾ ಅಂತ ಬರೆದುಕೊಂಡರು. ಈ ಹೆಂಗಸರ ಮಾತು ಆ ಲೆಕ್ಕದಲ್ಲಿ ಬರಲೇ ಇಲ್ಲ.

1991ರ ಆಗಸ್ಟ್ 14ರಂದು ಕಿಮ್ ಹಾಕ್-ಸುನ್ ಎಂಬಾಕೆ ತಮ್ಮ ಹೆಸರು ಹೇಳಿ, ಮುಖ ತೋರಿಸಿ, ತಮ್ಮ ಮೇಲೆ ನಡೆದದ್ದನ್ನು ಎಲ್ಲರೆದುರು ಹೇಳಿದರು. ದಕ್ಷಿಣ ಕೊರಿಯಾದಲ್ಲಿ ಹಾಗೆ ಮೊದಲು ಬಾಯಿ ಬಿಟ್ಟವರು ಅವರು. ಸ್ಯಾನ್ ಫ್ರಾನ್ಸಿಸ್ಕೊದ ಪ್ರತಿಮೆಯಲ್ಲಿ ನಿಂತಿರುವ ಅಜ್ಜಿ ಅವರೇ. ಅವರ ಹಿಂದೆ ಇನ್ನಷ್ಟು ಜನ ಮುಂದೆ ಬಂದರು. ಫಿಲಿಪ್ಪೀನ್ಸಿನಲ್ಲಿ ಮಾರಿಯಾ ರೋಸಾ ಹೆನ್ಸನ್, ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಡಚ್ ಮೂಲದ ಯಾನ್ ರಫ್-ಓಹರ್ನ್ 1992ರಲ್ಲಿ ಮಾತಾಡಿದರು. ಜಪಾನಿನ ಇತಿಹಾಸಕಾರ ಯೊಶಿಮಿ ಯೊಶಿಯಾಕಿ ಅದೇ ವರ್ಷ ಸೇನೆಯ ಕೈವಾಡ ತೋರಿಸುವ ದಾಖಲೆಗಳನ್ನು ಜಪಾನ್ ಸರ್ಕಾರದ ಕಡತಗಳಿಂದಲೇ ಹೊರತೆಗೆದರು. 1993ರಲ್ಲಿ ಜಪಾನ್ ಸರ್ಕಾರ 'ಕೊನೊ ಹೇಳಿಕೆ'ಯಲ್ಲಿ ಸೇನೆಯ ಪಾತ್ರವನ್ನೂ, ಹೆಂಗಸರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಸೇರಿಸಿದ್ದನ್ನೂ ಒಪ್ಪಿಕೊಂಡು ಕ್ಷಮೆ ಕೇಳಿತು.

ಒಪ್ಪಿಕೊಂಡ ಮೇಲೆ ಜಗಳ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. 1995ರಲ್ಲಿ ಜಪಾನ್ ಒಂದು ನಿಧಿ ಮಾಡಿತು. ಆದರೆ ಸಂತ್ರಸ್ತರ ಕೈಗೆ ಕೊಡುವ ಪರಿಹಾರದ ಹಣವನ್ನು ಸಾರ್ವಜನಿಕರ ದೇಣಿಗೆಯಿಂದ ಕೂಡಿಸಿತು. 'ತಪ್ಪು ಸರ್ಕಾರದ್ದು, ದಾನ ನಮಗೆ ಬೇಡ' ಅಂತ ಅನೇಕ ಅಜ್ಜಿಯರು ಅದನ್ನು ಮುಟ್ಟಲಿಲ್ಲ. 2015ರ ಡಿಸೆಂಬರ್‌ನಲ್ಲಿ ಎರಡೂ ಸರ್ಕಾರಗಳು ಮತ್ತೆ ಕೂತು, 100 ಕೋಟಿ ಯೆನ್‌ಗೆ ವಿಷಯ 'ಕೊನೆಯದಾಗಿ, ಮತ್ತೆ ತೆರೆಯದಂತೆ' ಮುಗಿಯಿತು ಅಂದವು. ಬದುಕಿದ್ದ ಅಜ್ಜಿಯರ ಮಾತನ್ನು ಆಗಲೂ ಸರಿಯಾಗಿ ಕೇಳಲಿಲ್ಲ. ಸೋಲ್‌ನ ಜಪಾನ್ ರಾಯಭಾರ ಕಚೇರಿ ಎದುರಿಗಿದ್ದ ಹುಡುಗಿಯ ಪ್ರತಿಮೆಯ ಬಗ್ಗೆ ಏನಾದರೂ ಮಾಡಲು ಯತ್ನಿಸುತ್ತೇವೆ ಅಂತ ಕೊರಿಯಾ ಸರ್ಕಾರ ಆ ಒಪ್ಪಂದದಲ್ಲೇ ಮಾತು ಕೊಟ್ಟಿತು.

ವಲಸೆ ಹೋದವರ ಗಂಟಿನಲ್ಲಿ ಏನಿತ್ತು

ಎರಡು ಸರ್ಕಾರಗಳು ಮಾತಾಡುವಾಗ ವ್ಯಾಪಾರ ಇರುತ್ತದೆ, ಕ್ಷಿಪಣಿ ಇರುತ್ತದೆ, ಸಾಲ ಇರುತ್ತದೆ. ಅಜ್ಜಿಯರ ನೋವು ಆ ತಕ್ಕಡಿಯಲ್ಲಿ ಹಗುರ. ವಲಸೆ ಹೋದವರ ಸ್ಥಿತಿ ಬೇರೆ. ಅಮೆರಿಕಕ್ಕೆ ಹೋದ ಕೊರಿಯಾದವರು, ಚೀನಾದವರು, ಫಿಲಿಪ್ಪೀನ್ಸಿನವರು ಅಲ್ಲಿ ಅಂಗಡಿ ಇಟ್ಟರು, ಮನೆ ಕೊಂಡರು, ಮತದಾರರಾದರು. ಮತ ಇದ್ದ ಮೇಲೆ ನಗರಸಭೆಗೆ ಅರ್ಜಿ ಕೊಡುವ ಹಕ್ಕು ಬರುತ್ತದೆ. ತಾಯಿನಾಡಿನ ಸರ್ಕಾರ ಮಾಡದ ಕೆಲಸವನ್ನು ಅವರು ಒಂದು ವಾರ್ಡಿನ ಮಟ್ಟದಲ್ಲಿ ಮಾಡಿದರು.

2010ರಲ್ಲಿ ನ್ಯೂಜೆರ್ಸಿಯ ಪ್ಯಾಲಿಸೇಡ್ಸ್ ಪಾರ್ಕ್ ಎಂಬ ಪುಟ್ಟ ಊರಿನ ಗ್ರಂಥಾಲಯದ ಪಕ್ಕ ಒಂದು ಸ್ಮಾರಕ ಫಲಕ ಬಂತು. ಆ ಊರಿನಲ್ಲಿ ಅರ್ಧಕ್ಕರ್ಧ ಜನ ಕೊರಿಯಾ ಮೂಲದವರು. 2012ರಲ್ಲಿ ಜಪಾನಿನ ಅಧಿಕಾರಿಗಳೂ ಆಮೇಲೆ ಸಂಸದರೂ ಆ ಊರಿಗೇ ಬಂದು ಫಲಕ ತೆಗೆಸಿ ಅಂದರು. ಚೆರ್ರಿ ಗಿಡಗಳನ್ನೂ ಗ್ರಂಥಾಲಯಕ್ಕೆ ಪುಸ್ತಕಗಳನ್ನೂ ಕೊಡುವ ಮಾತು ಬಂತು. ಊರಿನವರು ಒಪ್ಪಲಿಲ್ಲ. ಒಂದು ಫಲಕಕ್ಕಾಗಿ ಒಂದು ದೇಶವೇ ಪುಟ್ಟ ಊರಿನ ಬಾಗಿಲಿಗೆ ಬಂದು ನಿಂತಿತು ಅಂದರೆ ಆ ನೆನಪಿನ ತೂಕ ಎಷ್ಟಿರಬೇಕು ಯೋಚಿಸಿ.

2013ರ ಜುಲೈ 30ರಂದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನ ಪಾರ್ಕಿನಲ್ಲಿ ಸೋಲ್‌ನ ಹುಡುಗಿಯದೇ ಪ್ರತಿರೂಪ ಬಂತು. ಕುರ್ಚಿಯ ಮೇಲೆ ಬರಿಗಾಲಲ್ಲಿ ಕೂತ ಹುಡುಗಿ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಗ್ಲೆಂಡೇಲ್ ಕೊರಿಯನ್ನರದ್ದೇ ಊರೇನೂ ಅಲ್ಲ. ಅಲ್ಲಿ ಮೂರನೇ ಒಂದು ಪಾಲಿನಷ್ಟು ಜನ ಅರ್ಮೇನಿಯಾ ಮೂಲದವರು. 1915ರಿಂದ ಟರ್ಕಿಯ ಒಟ್ಟೊಮನ್ ಆಡಳಿತದಲ್ಲಿ ಅರ್ಮೇನಿಯನ್ನರ ಸಾಮೂಹಿಕ ಹತ್ಯೆ ನಡೆಯಿತು. ಅದನ್ನು ಜನಾಂಗಹತ್ಯೆ ಅಂತ ಕರೆಯಲು ಟರ್ಕಿ ಇವತ್ತಿಗೂ ಒಪ್ಪುವುದಿಲ್ಲ. ಅಮೆರಿಕದ ಅಧ್ಯಕ್ಷರು ತಮ್ಮ ವಾರ್ಷಿಕ ಹೇಳಿಕೆಯಲ್ಲಿ ಆ ಪದ ಬಳಸಲು 2021ರವರೆಗೆ ಕಾಯಬೇಕಾಯಿತು. 'ನಡೆದೇ ಇಲ್ಲ' ಅನ್ನಿಸಿಕೊಳ್ಳುವ ಸಂಕಟ ಏನೆಂದು ಅರ್ಮೇನಿಯನ್ನರಿಗೆ ಗೊತ್ತು.

ಈಗ ಕೇಳಿ. 'ಹಳೇ ಜಗಳ ಹೊತ್ತು ತಂದರು' ಅನ್ನುತ್ತಾರಲ್ಲ, ತಂದದ್ದು ಜಗಳವೇ? ಮೂರು ಸಾಗರ ದಾಟಿ ಹೋದವಳು ಸೀರೆ ಬಿಟ್ಟು ಪ್ಯಾಂಟು ಹಾಕಬಹುದು, ಮುದ್ದೆ ಬಿಟ್ಟು ಬ್ರೆಡ್ ತಿನ್ನಬಹುದು. ಅವಳ ಅಜ್ಜಿಗೆ ಆದದ್ದನ್ನು ವಿಮಾನ ನಿಲ್ದಾಣದ ಕಸದ ಡಬ್ಬಿಯಲ್ಲಿ ಹಾಕಿ ಬಾ ಅಂದರೆ ಆಗುತ್ತದೆಯೇ? ಹಬ್ಬ ತನ್ನಿ, ಅಡುಗೆ ತನ್ನಿ, ಕುಣಿತ ತನ್ನಿ, ನಾವು ನೋಡಿ ಚಪ್ಪಾಳೆ ಹೊಡೆಯುತ್ತೇವೆ, ನೋವು ಮಾತ್ರ ತರಬೇಡಿ ಅನ್ನುವುದು ವಲಸಿಗರನ್ನು ಮನುಷ್ಯರಾಗಿ ನೋಡುವ ಮಾತಲ್ಲ. ಜಾತ್ರೆಯ ಆಟಿಕೆಯಾಗಿ ನೋಡುವ ಮಾತು.

ಪಕ್ಕದ ಮನೆಯವನ ಭಯ

ಎದುರಾಳಿಗಳ ಒಂದು ವಾದವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಈ ಊರುಗಳಲ್ಲಿ ಜಪಾನ್ ಮೂಲದವರೂ ಇದ್ದಾರೆ. ಅವರ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ. ಪ್ರತಿಮೆ ನೋಡಿ ಯಾರಾದರೂ ಆ ಮಗುವನ್ನು 'ನಿಮ್ಮಜ್ಜ ಹೀಗೆ ಮಾಡಿದ' ಅಂತ ಚುಚ್ಚಿದರೆ?

ಈ ಭಯ ಸುಳ್ಳಲ್ಲ. 1942ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಮೇಲೆ ಸುಮಾರು 1 ಲಕ್ಷ 20 ಸಾವಿರ ಜಪಾನ್ ಮೂಲದವರನ್ನು ಮನೆ, ಹೊಲ, ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದರು. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮುಖ ಜಪಾನಿನದು ಅನ್ನುವುದೇ ಅವರ ತಪ್ಪಾಗಿತ್ತು. ದೂರದ ಸೇನೆ ಮಾಡಿದ್ದಕ್ಕೆ ಪಕ್ಕದ ಮನೆಯವನನ್ನು ಶಿಕ್ಷಿಸಿದರೆ ಏನಾಗುತ್ತದೆ ಅನ್ನುವುದು ಅವರ ಮೈಮೇಲೇ ಬರೆದಿದೆ.

ಹಾಗಾದರೆ ಅವರೆಲ್ಲ ಪ್ರತಿಮೆಗೆ ವಿರುದ್ಧ ನಿಂತರೇ? ಇಲ್ಲ. 'ಕಂಫರ್ಟ್ ವಿಮೆನ್' ವಿಷಯದಲ್ಲಿ ಜಪಾನ್ ಸ್ಪಷ್ಟವಾಗಿ ಕ್ಷಮೆ ಕೇಳಬೇಕು ಅನ್ನುವ 121ನೇ ನಿರ್ಣಯವನ್ನು ಅಮೆರಿಕದ ಪ್ರತಿನಿಧಿ ಸಭೆ 2007ರ ಜುಲೈ 30ರಂದು ಅಂಗೀಕರಿಸಿತು. ಗ್ಲೆಂಡೇಲ್‌ನವರು ಪ್ರತಿಮೆಗೆ ಆರಿಸಿಕೊಂಡ ತಾರೀಖೂ ಅದೇ. ಅದನ್ನು ಮಂಡಿಸಿದ ಸಂಸದ ಮೈಕ್ ಹೊಂಡಾ, ಸ್ವತಃ ಜಪಾನ್ ಮೂಲದವರು. ಕೂಸಾಗಿದ್ದಾಗ ಕೊಲೊರಾಡೊದ ಅಮಾಚಿ ಶಿಬಿರದಲ್ಲಿ ಕೂಡಿಹಾಕಿಸಿಕೊಂಡವರು. ಸಿಲಿಕಾನ್ ವ್ಯಾಲಿಯ ಸಂಸದರಾಗಿದ್ದರು. ನಮ್ಮೂರುಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಎಷ್ಟೋ ಕನ್ನಡದ ಮಕ್ಕಳು ಮನೆ ಮಾಡಿರುವ ಸೀಮೆ ಅದು. ಕೊರಿಯಾದ ಅಜ್ಜಿಯರ ಪರವಾಗಿ ಜಪಾನ್ ಮೂಲದವರೇ ಎದ್ದು ನಿಂತರು ಅನ್ನುವುದನ್ನು 'ಇದು ಕೊರಿಯಾ-ಜಪಾನ್ ಜಗಳ' ಅನ್ನುವವರು ಯಾವತ್ತೂ ಹೇಳುವುದಿಲ್ಲ.

ಅವರು ಯಾಕೆ ನಿಂತರು? ಸರ್ಕಾರ ಕ್ಷಮೆ ಕೇಳಿದರೆ ಹೇಗಿರುತ್ತದೆ ಅಂತ ಅವರು ಕಣ್ಣಾರೆ ನೋಡಿದ್ದರು. ವರ್ಷಗಟ್ಟಲೆ ಹೋರಾಡಿದ ಮೇಲೆ 1988ರಲ್ಲಿ ಅಮೆರಿಕ ಒಂದು ಕಾನೂನನ್ನೇ ಮಾಡಿತು. ಶಿಬಿರದಲ್ಲಿದ್ದು ಆಗ ಬದುಕಿದ್ದ ಪ್ರತಿಯೊಬ್ಬರಿಗೂ 20 ಸಾವಿರ ಡಾಲರ್, ಅಧ್ಯಕ್ಷರ ಸಹಿ ಇದ್ದ ಕ್ಷಮಾಪಣೆ ಪತ್ರ. ಹಣ ಸರ್ಕಾರದ ಖಜಾನೆಯಿಂದ ಬಂತು. ದೇಣಿಗೆ ಎತ್ತಲಿಲ್ಲ. ನಮಗೆ ಸಿಕ್ಕಿದ್ದು ಆ ಅಜ್ಜಿಯರಿಗೂ ಸಿಗಲಿ ಅನ್ನುವುದರಲ್ಲಿ ದ್ವೇಷ ಎಲ್ಲಿದೆ?

ಎಲ್ಲರೂ ಹಾಗೆ ಯೋಚಿಸಲಿಲ್ಲ, ನಿಜ. 2014ರಲ್ಲಿ ಕೆಲವು ಜಪಾನ್ ಮೂಲದವರು ಗ್ಲೆಂಡೇಲ್ ಮೇಲೆ ಕೇಸು ಹಾಕಿದರು. ಪ್ರತಿಮೆಯಿಂದ ನಾವು ಪಾರ್ಕಿಗೆ ಹೋಗುವಂತಿಲ್ಲ, ವಿದೇಶಾಂಗ ವಿಷಯದಲ್ಲಿ ನಗರಸಭೆ ತಲೆಹಾಕುವಂತಿಲ್ಲ ಅಂದರು. ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಕೊಟ್ಟ ತೀರ್ಪು ನೋಡಿ: ಅವರಿಗೆ ಕೇಸು ಹಾಕುವ ಹಕ್ಕಿದೆ ಅಂದಿತು, ಅಂದರೆ ಅವರ ನೋವನ್ನು ತಳ್ಳಿಹಾಕಲಿಲ್ಲ. ಆದರೆ ಒಂದು ಊರು ತನ್ನ ನಿಲುವನ್ನು ಹೇಳಿಕೊಳ್ಳುವುದು ತಪ್ಪಲ್ಲ ಅಂತ ಕೇಸನ್ನು ವಜಾ ಮಾಡಿತು. ಜಪಾನ್ ಸರ್ಕಾರವೇ ಅರ್ಜಿದಾರರ ಪರವಾಗಿ ಸುಪ್ರೀಂ ಕೋರ್ಟಿಗೆ ಹೇಳಿಕೆ ಸಲ್ಲಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

ನಮ್ಮ ಉತ್ತರವೂ ಇದೇ. ಶಾಲೆಯಲ್ಲಿ ಒಂದು ಮಗುವನ್ನು ಚುಚ್ಚಿದರೆ ಚುಚ್ಚಿದವನನ್ನು ಹಿಡಿದು ಕೂರಿಸಿ ಬುದ್ಧಿ ಹೇಳಿ. ಪ್ರತಿಮೆಯನ್ನು ಮುಚ್ಚಬೇಡಿ. ಸೇನೆ ಮಾಡಿದ್ದಕ್ಕೆ ಮೊಮ್ಮಗ ಹೊಣೆಯಲ್ಲ. ಆದರೆ ಸೇನೆ ಅದನ್ನು ಮಾಡಲೇ ಇಲ್ಲ ಅಂತ ಮೊಮ್ಮಗ ಸಾಧಿಸಲು ಹೊರಟರೆ ಆ ಮಾತಿಗೆ ಅವನೇ ಹೊಣೆ.

ಶಾಂತಿಯ ಹೆಸರಿನಲ್ಲಿ

'ಊರಿನ ಶಾಂತಿ' ಅನ್ನುವ ಮಾತು ಎಲ್ಲಿ ಎಲ್ಲಿ ಹೇಗೆ ಕೆಲಸ ಮಾಡಿದೆ ನೋಡೋಣ.

ಆಸ್ಟ್ರೇಲಿಯಾದ ಸಿಡ್ನಿಯ ಸ್ಟ್ರಾತ್‌ಫೀಲ್ಡ್ ಎಂಬಲ್ಲಿ ಕೊರಿಯಾ ಮತ್ತು ಚೀನಾ ಮೂಲದವರು ಪ್ರತಿಮೆ ಕೇಳಿದರು. 2015ರಲ್ಲಿ ಅಲ್ಲಿನ ನಗರಸಭೆ ಆಗದು ಅಂದಿತು. ಮರುವರ್ಷ ಆಶ್‌ಫೀಲ್ಡ್‌ನ ಒಂದು ಚರ್ಚಿನ ಆವರಣದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅಂದರೆ ಊರಿನ ಜಾಗದಲ್ಲಿ ಬೇಡ, ಬೇಕಾದರೆ ನಿಮ್ಮ ಮನೆಯೊಳಗೆ ಅಳಿ ಅಂದ ಹಾಗಾಯಿತು.

ಮನಿಲಾದ ಕತೆ ಇನ್ನೂ ಚೆನ್ನಾಗಿದೆ. ಫಿಲಿಪ್ಪೀನ್ಸ್ ಅಂದರೆ ಆ ಹೆಂಗಸರ ಸ್ವಂತ ನೆಲ. 2017ರ ಡಿಸೆಂಬರ್‌ನಲ್ಲಿ ಅಲ್ಲಿ ಸಮುದ್ರದ ದಂಡೆಯ ರಸ್ತೆಯಲ್ಲಿ ಪ್ರತಿಮೆ ನಿಲ್ಲಿಸಿದರು. 2018ರ ಏಪ್ರಿಲ್ 27ರ ರಾತ್ರಿ ಅದನ್ನು ಕಿತ್ತರು. ಕಾರಣ ಕೇಳಿದರೆ ಚರಂಡಿ ಕಾಮಗಾರಿ! ನಮ್ಮ ಪಂಚಾಯಿತಿಯವರು ಕೂಡ ಇದಕ್ಕಿಂತ ಒಳ್ಳೆಯ ನೆಪ ಹುಡುಕುತ್ತಿದ್ದರೇನೋ. ಆಮೇಲೆ ಆ ಪ್ರತಿಮೆಯೇ ಕಾಣೆಯಾಯಿತು. ಜಪಾನಿನ ಸಾಲ, ಜಪಾನಿನ ನೆರವು ದೊಡ್ಡದಿರುವ ದೇಶ ಅದು. ಸ್ವಂತ ನೆಲದಲ್ಲಿ ಜಾಗವಿಲ್ಲದ ಫಿಲಿಪ್ಪೀನ್ಸಿನ ಹುಡುಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಂತಿದ್ದಾಳೆ. ವಲಸಿಗರ ನೆನಪಿಗೆ ಬೆಲೆ ಇರುವುದು ಇದಕ್ಕೇ.

ಜಪಾನಿನೊಳಗೂ ಒಂದು ವಲಸಿಗರ ಕತೆ ಇದೆ. 1945ರ ಆಗಸ್ಟ್ 6ರಂದು ಹಿರೊಶಿಮಾದ ಮೇಲೆ ಬಾಂಬು ಬಿದ್ದಾಗ ಅಲ್ಲಿ ದುಡಿಯಲು ಬಂದಿದ್ದ, ದುಡಿಯಲು ಎಳೆದು ತಂದಿದ್ದ ಕೊರಿಯನ್ನರೂ ಸಾವಿರಗಟ್ಟಲೆ ಸತ್ತರು. ಅವರ ಸ್ಮಾರಕವನ್ನು 1970ರಲ್ಲಿ ಕಟ್ಟಿದ್ದು ಶಾಂತಿ ಉದ್ಯಾನದ ಹೊರಗೆ. ಒಳಗೆ ಜಾಗ ಸಿಗಲು 1999ರವರೆಗೆ ಕಾಯಬೇಕಾಯಿತು. ಒಂದೇ ಬಾಂಬು, ಒಂದೇ ಬೆಂಕಿ. ಆದರೂ 'ಶಾಂತಿ'ಯ ಹೆಸರಿನ ತೋಟದ ಬೇಲಿಯಾಚೆ 29 ವರ್ಷ. ಜಪಾನಿನ ಸಾಮಾನ್ಯ ಜನ ಆ ಯುದ್ಧದಲ್ಲಿ ಪಟ್ಟ ಪಾಡು ನಿಜ. ಹಿರೊಶಿಮಾ ನಿಜ, ನಾಗಸಾಕಿ ನಿಜ, ಟೋಕಿಯೊದಲ್ಲಿ ಒಂದೇ ರಾತ್ರಿಯ ಬಾಂಬು ದಾಳಿಗೆ ಲಕ್ಷದಷ್ಟು ಜನ ಬೆಂದದ್ದು ನಿಜ. ಆ ನೆನಪು ಈ ನೆನಪಿಗೆ ಶತ್ರುವಲ್ಲ. 'ನಾವೂ ನೊಂದೆವು' ಅನ್ನುವುದನ್ನು 'ನಾವು ನೋಯಿಸಲಿಲ್ಲ' ಅನ್ನುವುದಕ್ಕೆ ಗುರಾಣಿ ಮಾಡಿಕೊಂಡಾಗ ಮಾತ್ರ ಅದು ಕೆಡುತ್ತದೆ.

ಅಲ್ಲಗಳೆಯುವವರ ಇನ್ನೊಂದು ಆಯುಧ ಯೊಶಿದಾ ಸೈಜಿ. ಕೊರಿಯಾದ ಜೆಜು ದ್ವೀಪದಲ್ಲಿ ನಾನೇ ಹೆಂಗಸರನ್ನು ಹಿಡಿದೊಯ್ದೆ ಅಂತ ಈತ ಹೇಳಿಕೊಂಡಿದ್ದ. ಅದು ಸುಳ್ಳು ಅಂತ ಗೊತ್ತಾಗಿ, ಅದನ್ನು ನಂಬಿ ಬರೆದ ವರದಿಗಳನ್ನು ಅಸಾಹಿ ಪತ್ರಿಕೆ 2014ರಲ್ಲಿ ವಾಪಸ್ ಪಡೆಯಿತು. ಪತ್ರಿಕೆ ಮಾಡಿದ್ದು ಸರಿ. ಆದರೆ ಒಬ್ಬ ಸುಳ್ಳ ಸಿಕ್ಕಿದ ಅಂತ ನೂರಾರು ಹೆಂಗಸರ ಸಾಕ್ಷ್ಯವನ್ನೂ ಸರ್ಕಾರದ್ದೇ ಕಾಗದಪತ್ರಗಳನ್ನೂ ಹೊಳೆಗೆ ಎಸೆಯುವುದು ಯಾವ ನ್ಯಾಯ? ಒಂದು ಕಾಳು ಜೊಳ್ಳು ಅಂತ ಯಾವ ರೈತನೂ ರಾಶಿಗೆ ಬೆಂಕಿ ಇಡುವುದಿಲ್ಲ.

ನೆನಪಿಗೂ ಒಂದು ಪರೀಕ್ಷೆ ಇದೆ

ಹಾಗಂತ ಪ್ರತಿಮೆ ನಿಲ್ಲಿಸಿದವರೆಲ್ಲ ಸತ್ಯವಂತರು ಅಂತ ನಾವು ಹೇಳುತ್ತಿಲ್ಲ. ತನ್ನೆಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರು ಎಲ್ಲ ಕಡೆ ಇದ್ದಾರೆ.

ಅಮೆರಿಕದ ಪರವಾಗಿ ವಿಯೆಟ್ನಾಂನಲ್ಲಿ ಕಾದಲು ದಕ್ಷಿಣ ಕೊರಿಯಾ 3 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಿತ್ತು. 1968ರ ಫೆಬ್ರವರಿ 12ರಂದು ಫೊಂಗ್ ನ್ಹಿ ಎಂಬ ಹಳ್ಳಿಯಲ್ಲಿ ಕೊರಿಯಾದ ನೌಕಾ ಸೈನಿಕರು ನಿರಾಯುಧ ಜನರನ್ನು ಕೊಂದರು. ಬಾಲಕಿಯಾಗಿ ಗುಂಡೇಟು ತಿಂದು ಬದುಕುಳಿದ ಒಬ್ಬಾಕೆ ಸೋಲ್‌ನಲ್ಲಿ ಕೇಸು ಹಾಕಿದರು. 2023ರಲ್ಲಿ ಸೋಲ್ ನ್ಯಾಯಾಲಯ ಅವರಿಗೆ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಆದೇಶಿಸಿತು. ಕೊರಿಯಾ ಸರ್ಕಾರ ಏನು ಮಾಡಿತು? ಮೇಲ್ಮನವಿ ಹಾಕಿತು. ಜಪಾನಿನ ಮುಂದೆ ಸಂತ್ರಸ್ತೆಯ ಮಾತೇ ಸಾಕ್ಷಿ ಅನ್ನುವ ದೇಶ ವಿಯೆಟ್ನಾಂ ಹೆಂಗಸಿನ ಮುಂದೆ ದಾಖಲೆ ಕೇಳಿತು.

ಆದರೆ ಸೋಲ್‌ನ ಆ ಹುಡುಗಿಯ ಪ್ರತಿಮೆ ಮಾಡಿದ ಶಿಲ್ಪಿ ದಂಪತಿ ಕಿಮ್ ಸೊ-ಕ್ಯುಂಗ್ ಮತ್ತು ಕಿಮ್ ಉನ್-ಸುಂಗ್ ಇನ್ನೊಂದು ಪ್ರತಿಮೆಯನ್ನೂ ಮಾಡಿದ್ದಾರೆ. ಅದು ಕೂಸನ್ನು ಅಪ್ಪಿಕೊಂಡ ವಿಯೆಟ್ನಾಂ ತಾಯಿಯದು. ತಮ್ಮದೇ ದೇಶದ ಸೈನಿಕರಿಂದ ಸತ್ತವರ ನೆನಪಿಗೆ ಮಾಡಿದ್ದು. 2017ರಲ್ಲಿ ಅದನ್ನು ಜೆಜು ದ್ವೀಪದಲ್ಲಿ ನಿಲ್ಲಿಸಿದರು. ನೆನಪಿನ ಪರೀಕ್ಷೆ ಇದು. ನಮ್ಮವರು ಸತ್ತದ್ದಕ್ಕೆ ಕಲ್ಲು ನೆಡುವ ಕೈ, ನಮ್ಮವರು ಕೊಂದವರಿಗೂ ಕಲ್ಲು ನೆಡುತ್ತದೆಯೇ?

ಇನ್ನೊಂದು ಪರೀಕ್ಷೆ: ನೊಂದವರ ಮಾತು ನಡೆಯುತ್ತದೆಯೋ, ಅವರ ಹೆಸರು ಹೇಳುವವರ ಮಾತೋ? ಸ್ಯಾನ್ ಫ್ರಾನ್ಸಿಸ್ಕೊದ ಸಭೆಯಲ್ಲಿ ಸಾಕ್ಷಿ ಹೇಳಿದ್ದ ಅಜ್ಜಿ ಲೀ ಯೊಂಗ್-ಸೂ 2020ರ ಮೇ ತಿಂಗಳಲ್ಲಿ ಪತ್ರಕರ್ತರನ್ನು ಕರೆದು, ತಮ್ಮ ಹೆಸರಲ್ಲಿ ಹೋರಾಟ ನಡೆಸುವ ಸಂಘಟನೆಯ ಮೇಲೇ ದೂರು ಹೇಳಿದರು. ದೇಣಿಗೆಯ ಲೆಕ್ಕ ಎಲ್ಲಿ, ಮಕ್ಕಳಿಗೆ ದ್ವೇಷ ಯಾಕೆ ಕಲಿಸುತ್ತೀರಿ ಅಂದರು. ಕೊರಿಯಾ-ಜಪಾನ್ ಮಕ್ಕಳು ಒಟ್ಟಿಗೆ ಇತಿಹಾಸ ಕಲಿಯಲಿ ಅಂದರು. ನ್ಯಾಯ ಬೇಡ ಅಂತ ಅವರು ಹೇಳಲಿಲ್ಲ. ನನ್ನ ನೋವನ್ನು ನಿಮ್ಮ ಬಂಡವಾಳ ಮಾಡಿಕೊಳ್ಳಬೇಡಿ ಅಂದರು.

ನಮ್ಮ ಮನೆಯಂಗಳದಲ್ಲಿ

ಈಗ ನಮ್ಮ ಕಡೆ ತಿರುಗೋಣ. ಜಪಾನ್ ಅಂದರೆ ನಮಗೆ ನೇತಾಜಿ ಸುಭಾಷ್‌ಚಂದ್ರ ಬೋಸರ ಮಿತ್ರ. 1943ರ ಡಿಸೆಂಬರ್ 30ರಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ನೇತಾಜಿ ಧ್ವಜ ಹಾರಿಸಿದ್ದನ್ನು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಅದೇ ದ್ವೀಪದ ಹಂಫ್ರಿಗಂಜ್‌ನಲ್ಲಿ ಜಪಾನಿ ಸೈನಿಕರು 44 ಭಾರತೀಯರನ್ನು ಗೂಢಚಾರರೆಂದು ಆರೋಪಿಸಿ ಗುಂಡಿಟ್ಟು ಕೊಂದರು. ಅವರಲ್ಲಿ ಬಹುಪಾಲು ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಜನ, ಅಂದರೆ ನೇತಾಜಿಯ ಕಡೆಯವರೇ. ಅದೇ ತಿಂಗಳು ವೈದ್ಯ ದಿವಾನ್ ಸಿಂಗ್ ಜಪಾನಿಗಳ ಚಿತ್ರಹಿಂಸೆಗೆ ಸತ್ತರು. ಕೊರಿಯಾದ ಹೆಂಗಸರನ್ನು ಆ ದ್ವೀಪಗಳಿಗೂ ತಂದಿದ್ದರು. ಧ್ವಜದ ಕತೆ ನಮ್ಮ ಶಾಲೆಯ ಭಾಷಣಗಳಲ್ಲಿ ಇದೆ. 44 ಜನರ ಕತೆ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಎರಡನ್ನೂ ಹೇಳಿದರೆ ನೇತಾಜಿ ಚಿಕ್ಕವರಾಗುವುದಿಲ್ಲ. ಒಂದನ್ನೇ ಹೇಳಿದರೆ ನಾವು ಚಿಕ್ಕವರಾಗುತ್ತೇವೆ.

ಇನ್ನು ಕರ್ನಾಟಕದೊಳಗೇ ಬನ್ನಿ. ಬೈಲಕುಪ್ಪೆಯಲ್ಲಿ, ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್ನರು ಇದ್ದಾರೆ. ಪ್ರತಿ ವರ್ಷ ಮಾರ್ಚ್ 10ರಂದು ಅವರು 1959ರ ಲಾಸಾ ದಂಗೆಯನ್ನು ನೆನೆಯುತ್ತಾರೆ. ನಮಗೆ ಅವರು ಸ್ವೆಟರ್ ಮಾರುವವರು, ಚಿನ್ನದ ಬಣ್ಣದ ದೇವಸ್ಥಾನ ತೋರಿಸುವವರು. 2005ರಲ್ಲಿ ಚೀನಾದ ಪ್ರಧಾನಿ ಬೆಂಗಳೂರಿಗೆ ಬಂದಾಗ ಟಿಬೆಟನ್ ಕವಿ ತೆನ್ಜಿನ್ ತ್ಸುಂಡ್ಯೂ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರ ಹತ್ತಿ ಸ್ವಾತಂತ್ರ್ಯದ ಕೂಗು ಹಾಕಿದರು. ಪೊಲೀಸರು ಹಿಡಿದು ಇಳಿಸಿದರು. ಅತಿಥಿ ಬಂದಾಗ ಜಗಳ ಬೇಡ ಅನ್ನುವ ಅದೇ ಮಾತು.

ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿವೆ. 'ಬಾಂಗ್ಲಾ ಕ್ಯಾಂಪಿನವರು' ಅಂತ ಒಂದೇ ಮಾತಿನಲ್ಲಿ ಕರೆದು ಸುಮ್ಮನಾಗುತ್ತೇವೆ. ಅವರ ಮನೆಯ ಹಿರಿಯರು ಏನು ನೋಡಿ, ಯಾರನ್ನು ಕಳೆದುಕೊಂಡು ಇಲ್ಲಿ ತನಕ ಬಂದರು ಅಂತ ಪಕ್ಕದ ಊರಿನವರಾದ ನಾವು ಕೇಳಿದ್ದೇವೆಯೇ? ಅವರಿಂದ ಭತ್ತ ಕೊಂಡಿದ್ದೇವೆ, ಮೀನು ಕೊಂಡಿದ್ದೇವೆ. ಕತೆ ಮಾತ್ರ ಬೇಕಾಗಲಿಲ್ಲ.

ನೆನಪಿಗೆ ಕಲ್ಲು ನೆಡುವುದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಊರುಗಳ ಅಂಚಿನಲ್ಲಿ ವೀರಗಲ್ಲುಗಳಿವೆ. ದನ ಹೊಡೆದುಕೊಂಡು ಹೋದಾಗ ಕಾದಿ ಸತ್ತವನಿಗೆ ಕಲ್ಲಿದೆ. ಹೆಣ್ಣುಮಕ್ಕಳ ಮೇಲೆ ಕೈ ಮಾಡಿದಾಗ ಎದುರಿಸಿ ಸತ್ತವನಿಗೂ ಕಲ್ಲಿದೆ. ಶಾಸನಗಳಲ್ಲಿ ಅದನ್ನು 'ಪೆಣ್ಬುಯ್ಯಲ್' ಅನ್ನುತ್ತಾರೆ. ಆ ಕಲ್ಲಿನ ಮೇಲೆ ಗಂಡಸಿನ ಹೆಸರಿರುತ್ತದೆ. ಯಾವ ಹೆಣ್ಣುಮಕ್ಕಳಿಗಾಗಿ ಅವನು ಸತ್ತನೋ ಅವರ ಹೆಸರಿಲ್ಲ. ಗಂಡನ ಜೊತೆ ಚಿತೆಯೇರಿದರೆ ಮಾಸ್ತಿಗಲ್ಲು ಸಿಕ್ಕೀತು. ಎಲ್ಲವನ್ನೂ ಅನುಭವಿಸಿ ಬದುಕಿ ಉಳಿದವಳಿಗೆ ಕಲ್ಲಿಲ್ಲ. ಸೋಲ್‌ನಲ್ಲಿ, ಗ್ಲೆಂಡೇಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಂತಿರುವುದು ಬದುಕಿ ಉಳಿದವಳ ಕಲ್ಲು. ಅದಕ್ಕೇ ಅದರ ಮೇಲೆ ಇಷ್ಟೊಂದು ಸಿಟ್ಟು.

ಕೊರಿಯಾ ಸರ್ಕಾರದಲ್ಲಿ ನೋಂದಾಯಿಸಿಕೊಂಡಿದ್ದ ಸುಮಾರು 240 ಅಜ್ಜಿಯರಲ್ಲಿ ಈಗ ಬೆರಳೆಣಿಕೆಯವರು ಉಳಿದಿದ್ದಾರೆ. ಅವರು ಹೋದ ಮೇಲೆ 'ನೋಡಿದವರು ಯಾರಿದ್ದಾರೆ' ಅನ್ನುವ ಮಾತು ಬಂದೇ ಬರುತ್ತದೆ. ನಮ್ಮ ಸುತ್ತಲಿನ ಕ್ಯಾಂಪುಗಳಲ್ಲೂ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಈ ಬರಹ ಓದುತ್ತಿರುವ ನಿಮ್ಮ ಫೋನಿನಲ್ಲೇ ದನಿ ಮುದ್ರಿಸುವ ವ್ಯವಸ್ಥೆ ಇದೆ. ಬೈಲಕುಪ್ಪೆಯ ಹತ್ತಿರದವರು, ಮುಂಡಗೋಡದವರು, ಸಿಂಧನೂರಿನವರು ಬಿಡುವಿನ ಒಂದು ಭಾನುವಾರ ಹೋಗಿ, ಅಲ್ಲಿನ ಹಿರಿಯರೊಬ್ಬರ ಪಕ್ಕ ಕೂತು, ಅವರಿಗೆ ಇಷ್ಟವಿದ್ದರೆ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಮುದ್ರಿಸಿಕೊಳ್ಳಿ. ಅವರು ಹೇಳುವ ಯುದ್ಧ ನಾವು ಪುಸ್ತಕದಲ್ಲಿ ಓದಿದ ಯುದ್ಧದಂತೆ ಇರಲಿಕ್ಕಿಲ್ಲ. ನಡುವೆ ಬಾಯಿ ಹಾಕಿ ತಿದ್ದಬೇಡಿ. ಮೊದಲು ಪೂರ್ತಿ ಕೇಳಿ.